ಹಿಂದೆ ಕೂತವರ ಲೆಕ್ಕ

ಮೊನ್ನೆ ಸಂಜೆ ಆಟೋದಲ್ಲಿ ಮನೆಗೆ ಬರುತ್ತಿದ್ದೆ. "ಒಂದ್ನಿಮಿಷ ಮೇಡಂ, ಬಂದೇಬುಟ್ಟೆ" ಎಂದು ಚಾಲಕ ಆಟೋವನ್ನು ಬಂಕಿನ ಕಡೆ ತಿರುಗಿಸಿದ. ಪೈಪು ತೆಗೆಯುವಾಗ ನಾಲ್ಕು ಹನಿ ಪೆಟ್ರೋಲ್ ನೆಲಕ್ಕೆ ಬಿತ್ತು. ಆ ವಾಸನೆ ಮೂಗಿಗೆ ಬಡಿಯಿತೋ ಇಲ್ಲವೋ, ನನಗೆ ನಗು ಬಂತು. ಪೆಟ್ರೋಲಿನ ವಾಸನೆಗೆ ಕೆಲವರಿಗೆ ತಲೆ ಸುತ್ತುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ನಗು ಬರುವವಳು ಬಹುಶಃ ಈ ಹಾಸನದಲ್ಲಿ ನಾನೊಬ್ಬಳೇ. ಸೆರಗು ಬಾಯಿಗಿಟ್ಟುಕೊಂಡು ಕುಲುಕುತ್ತಿದ್ದ ನನ್ನನ್ನು ಚಾಲಕ ಕನ್ನಡಿಯಲ್ಲಿ ನೋಡಿ, "ಏನಾಯ್ತು ಮೇಡಂ?" ಎಂದ. ಏನಿಲ್ಲಪ್ಪ ಎಂದೆ. ಅವನಿಗೆ ಹೇಳುತ್ತಾ ಕೂತರೆ ಮೀಟರು ಓಡುತ್ತದೆ. ನಿಮ್ಮ ಹತ್ತಿರ ಆ ಭಯವಿಲ್ಲ.

ಇದು ಇವರ ಕಥೆ. "ಇವರು" ಎಂದರೆ ನಮ್ಮ ಯಜಮಾನರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದವಳು ನಾನು. ಸರ್ವನಾಮದ ಪಾಠ ಬಂದಾಗಲೆಲ್ಲ, ಇಡೀ ಸಂಸಾರವನ್ನು ಒಂದೇ ಒಂದು ಸರ್ವನಾಮದಲ್ಲಿ ನಡೆಸಿದ ನನ್ನ ಸಾಧನೆ ನೆನಪಾಗಿ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಇವರು ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ಲೆಕ್ಕ ಇವರಿಗೆ ಬರೀ ಕೆಲಸವಲ್ಲ, ಒಂದು ಹಸಿವು. ಮದುವೆಯ ಮನೆಯಲ್ಲಿ ಊಟಕ್ಕೆ ಕೂತರೆ ಪಂಕ್ತಿಗೆ ಎಷ್ಟು ಎಲೆ, ಎಲೆಗೆ ಎಷ್ಟು ಹೋಳಿಗೆ ಎಂದು ಮನಸ್ಸಿನಲ್ಲೇ ಗುಣಿಸುತ್ತಾ ತಮ್ಮ ಎಲೆಯ ಹೋಳಿಗೆಯನ್ನು ತಣ್ಣಗಾಗಿಸುವ ಜಾತಿ.

ಇವರಿಗೊಂದು ಸ್ಕೂಟರಿತ್ತು. ನಮ್ಮ ಮದುವೆಗಿಂತ ಮೊದಲೇ ಬಂದದ್ದು, ಹಾಗಾಗಿ ಮನೆಯಲ್ಲಿ ಅದು ನನಗಿಂತ ಹಿರಿಯದು. ಅದಕ್ಕೆ ಸಲ್ಲುತ್ತಿದ್ದ ಮರ್ಯಾದೆಯೂ ಹಾಗೇ ಇತ್ತು. ಬೆಳಿಗ್ಗೆ ಎದ್ದ ತಕ್ಷಣ ಇವರು ಮೊದಲು ಅದರ ಮುಖ ನೋಡುತ್ತಿದ್ದರು. ಸ್ಟಾರ್ಟ್ ಆಗದಿದ್ದರೆ ಬಲಕ್ಕೆ ವಾಲಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ನೆಟ್ಟಗೆ ನಿಲ್ಲಿಸಿ ಒದೆಯುತ್ತಿದ್ದರು. ನನಗೆ ಜ್ವರ ಬಂದಾಗಲೂ ಅಷ್ಟು ಕಾಳಜಿಯಿಂದ ವಾಲಿಸಿದ್ದು ನೆನಪಿಲ್ಲ.

ಇನ್ನು ಕಂಪ್ಯೂಟರು. ಇಸವಿ ಎರಡು ಸಾವಿರಕ್ಕೆ ತಿರುಗುವ ರಾತ್ರಿ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿದ್ದ ಕಾಲ. ಹಾಗೆ ಹೆದರಿದ ಪರಿಚಯದ ವ್ಯಾಪಾರಿಯೊಬ್ಬರು ತಮ್ಮ ಕಂಪ್ಯೂಟರನ್ನೂ, ಅದರ ಜೊತೆಗೆ ಕಿರ್ ಕಿರ್ ಎಂದು ಅರಚುವ ಒಂದು ಪ್ರಿಂಟರನ್ನೂ ಇವರಿಗೆ ಸಾಗಹಾಕಿದರು. ಹೊಸ ವರ್ಷ ಬಂತು, ಕಂಪ್ಯೂಟರಿಗೆ ಏನೂ ಆಗಲಿಲ್ಲ. ಇವರು ಲಾಟರಿ ಹೊಡೆದವರ ಹಾಗೆ ಓಡಾಡಿದರು. ಮಗಳ ಓದಿಗೆ ಎಂದು ಹೆಸರು ಹೇಳಿ ತಂದದ್ದು. ನಾನೇ ನನ್ನ ಹಳೆಯ ರೇಷ್ಮೆ ಸೀರೆಯ ಅಂಚು ಹಚ್ಚಿ ಅದಕ್ಕೊಂದು ಮುಸುಕು ಹೊಲಿದೆ. ಅದಿದ್ದ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ, ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಬೇಕಿತ್ತು.

ಆಫೀಸಿನವರು ನಡೆಸಿದ ತರಗತಿಯಲ್ಲಿ ಇವರು ಸ್ಪ್ರೆಡ್‌ಶೀಟ್ ಎಂಬುದನ್ನು ಕಲಿತು ಬಂದರು. ಕಲಿತದ್ದೇನೋ ಸರಿ, ಅದರೊಳಗೆ ತುಂಬುವುದೇನು? ಮೊದಲು ಅಡುಗೆಮನೆಯ ಕಡೆ ಕಣ್ಣು ಹಾಕಿದರು. "ನನ್ನ ಸಾಸಿವೆ ಡಬ್ಬದ ಲೆಕ್ಕ ಆ ಪೆಟ್ಟಿಗೆಗೆ ಹೋದರೆ, ನಾಳೆಯಿಂದ ಅಡುಗೆಯೂ ಅದೇ ಮಾಡಲಿ" ಎಂದೆ. ಇವರು ಮೆಲ್ಲಗೆ ಹಿಂದೆ ಸರಿದು ಸ್ಕೂಟರಿನ ಮೈಲೇಜನ್ನು ಹಿಡಿದುಕೊಂಡರು.

ಅಲ್ಲಿಯವರೆಗೆ ಮೈಲೇಜು ಎಂದರೆ ನಂಬಿಕೆಯ ವಿಷಯ. ಆಫೀಸಿನಲ್ಲಿ ಕಾಫಿ ಕುಡಿಯುವಾಗ ಚನ್ನರಾಯಪಟ್ಟಣದವರೊಬ್ಬರು ತಮ್ಮದು ಲೀಟರಿಗೆ ಐವತ್ತು ಕಿಲೋಮೀಟರ್ ಕೊಡುತ್ತದೆ ಎಂದರೆ ಇವರು ಐವತ್ತೆರಡು ಎನ್ನುವರು. ಕೇಳುವವರೂ ಸುಳ್ಳು ಎಂದು ಗೊತ್ತಿದ್ದೇ ತಲೆಯಾಡಿಸುವರು. ಕಂಪ್ಯೂಟರು ಬಂದ ಮೇಲೆ ನಿಜ ಹೊರಬಿತ್ತು. ನಲವತ್ತಕ್ಕೂ ಕಷ್ಟ. ಎರಡು ದಿನ ಇವರು ಆಫೀಸಿನ ಕಾಫಿಗೂ ಹೋಗಲಿಲ್ಲ. ಆಮೇಲೆ ಕಾರಣ ಹುಡುಕಲು ಕೂತರು. ಕಾರಣ ಹುಡುಕಲು ಮಾಹಿತಿ ಬೇಕು, ಮಾಹಿತಿಗೆ ಕಾಲಂ ಬೇಕು. ಯಾವ ರಸ್ತೆ, ಬಿಸಿಲೋ ಮಳೆಯೋ, ಗಾಳಿ ಯಾವ ಕಡೆಯದು ಎಂದು ಕಾಲಂಗಳು ಬಲಕ್ಕೆ ಬೆಳೆಯುತ್ತಾ ಹೋದವು. ಹೊಳೆನರಸೀಪುರದ ರಸ್ತೆ ಸಾಧು, ಚನ್ನರಾಯಪಟ್ಟಣದ ಕಡೆ ಎದುರುಗಾಳಿ, ಹಿರೀಸಾವೆಗೆ ಹೋದರೆ ಲಾರಿಗಳ ಹಿಂದೆ ಸಿಕ್ಕಿ ಗೇರು ಬದಲಾಯಿಸಿ ಸಾಯಬೇಕು ಎಂಬ ಶಾಸ್ತ್ರಗಳೆಲ್ಲ ಹೊರಟವು. ಬಂಕಿನಲ್ಲಿ ಟ್ಯಾಂಕು ಕತ್ತಿನವರೆಗೆ ತುಂಬಿಸಿ, ಸ್ಕೂಟರನ್ನು ಮಗು ತೂಗಿದ ಹಾಗೆ ಆಚೀಚೆ ತೂಗಿ, ಗುಳ್ಳೆ ಹೋದ ಜಾಗಕ್ಕೆ ಮತ್ತೆರಡು ಹನಿ ಬಿಡಿಸುವರು. ಹಿಂದಿನವರು ಹಾರನ್ ಹೊಡೆದರೆ, "ಅವರಿಗೆ ನಿಖರತೆ ಅಂದ್ರೇನು ಗೊತ್ತಿಲ್ಲ ಕಣೇ" ಎನ್ನುವರು. ನನ್ನ ಸೀರೆಗೆಲ್ಲ ಪೆಟ್ರೋಲಿನ ಘಾಟು. ಇಳಿಜಾರು ಬಂದರೆ ಎಂಜಿನ್ ಬಂದ್. ನನ್ನ ಸೆರಗು ಹಾರಿದರೆ ಗಾಳಿ ಹಿಡಿಯುತ್ತದೆಂದು ಸಿಕ್ಕಿಸಿಕೊಳ್ಳಬೇಕು. "ಅಲ್ಲಾಡಬೇಡ, ಮೈಲೇಜ್ ಬೀಳುತ್ತೆ" ಎಂಬುದು ಇವರು ನನ್ನೊಡನೆ ಆಡುತ್ತಿದ್ದ ಮುಖ್ಯವಾದ ದಾಂಪತ್ಯದ ಮಾತು. ಕೊನೆಗೊಂದು ದಿನ ಹೊಸ ಕಾಲಂ ಹುಟ್ಟಿತು: ಹಿಂದೆ ಕೂತವರು.

ನನ್ನ ಹೆಸರು ಅದರಲ್ಲಿ ಸೇರಿದ ದಿನದಿಂದ ನಾನು ಶಾಲೆಗೆ ನಡೆದುಕೊಂಡು ಹೋಗತೊಡಗಿದೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಎಲ್ಲರಿಗೂ ಹೇಳಿದೆ. ಆದರೆ ಅತ್ತಿಗೆಗೆ ಈ ವಿಷಯ ಯಾರೂ ಹೇಳಿರಲಿಲ್ಲ.

ಅತ್ತಿಗೆ ಎಂದರೆ ಇವರ ಅಕ್ಕ. ಇವರ ಹುಟ್ಟೂರು ದುದ್ದದ ಹತ್ತಿರದ ಹಳ್ಳಿ. ಅಕ್ಕನನ್ನು ಅರಕಲಗೂಡಿನ ಹತ್ತಿರ ಬೇಸಾಯದ ಮನೆಗೆ ಕೊಟ್ಟಿತ್ತು. ನಮ್ಮ ಅತ್ತೆ ಮಾವ ತೀರಿಕೊಂಡ ಮೇಲೆ ಅವರಿಗೆ ತವರು ಎಂದರೆ ನಮ್ಮ ಮನೆಯೇ. ತುಂಬಿದ ಆಳು, ದೊಡ್ಡ ದನಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಬರೀ ಕೈಯಲ್ಲಿ ಇಳಿದವರಲ್ಲ. ಅವರೆಕಾಯಿ, ತೆಂಗಿನಕಾಯಿ, ರಾಗಿ ಹಿಟ್ಟು, ಒಮ್ಮೊಮ್ಮೆ ಕಾಲು ಕಟ್ಟಿದ ನಾಟಿ ಕೋಳಿ. ಆ ವರ್ಷ ಅವರು ಹಲ್ಲು ಕಟ್ಟಿಸಿಕೊಳ್ಳಲು ಹಾಸನಕ್ಕೆ ಮೇಲಿಂದ ಮೇಲೆ ಬರಬೇಕಾಯಿತು. ಬಸ್ ಸ್ಟ್ಯಾಂಡಿನಿಂದ ಹಲ್ಲಿನ ಡಾಕ್ಟರ ಹತ್ತಿರಕ್ಕೆ, ಅಲ್ಲಿಂದ ಮನೆಗೆ, ಮತ್ತೆ ಬಸ್ ಸ್ಟ್ಯಾಂಡಿಗೆ ತಮ್ಮನ ಸ್ಕೂಟರೇ ಗತಿ. ಇವರು ಅಕ್ಕನನ್ನು ಪ್ರೀತಿಯಿಂದಲೇ ಕೂರಿಸಿಕೊಂಡು ಬರುತ್ತಿದ್ದರು. ಬಂದ ಮೇಲೆ ಅಷ್ಟೇ ಪ್ರೀತಿಯಿಂದ ಕಂಪ್ಯೂಟರಿಗೆ ಬರೆಯುತ್ತಿದ್ದರು. ಅಕ್ಕ, ಅಕ್ಕ ಮತ್ತು ತೆಂಗಿನಕಾಯಿ, ಅಕ್ಕ ಮತ್ತು ಕೋಳಿ.

ಒಂದು ಭಾನುವಾರ ಇವರು ಅದನ್ನೆಲ್ಲ ಗ್ರಾಫ್ ಮಾಡಿದರು. ಪ್ರಿಂಟರು ಮನೆಯೆಲ್ಲ ಕಿರುಚಿ ಒಂದು ಉದ್ದನೆಯ ಹಾಳೆ ಉಗುಳಿತು. ಗೆರೆ ಗುಡ್ಡದ ಹಾಗೆ ಏರುತ್ತದೆ, ಇದ್ದಕ್ಕಿದ್ದಂತೆ ಗುಂಡಿಗೆ ಬೀಳುತ್ತದೆ, ಮತ್ತೆ ಏರುತ್ತದೆ. ಗುಂಡಿಗಳ ಕೆಳಗೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಹೆಸರು. ಇವರು ಅದನ್ನು ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿ, ದೂರ ನಿಂತು ನೋಡಿದರು.

"ತೆಗೀರಿ ಅದನ್ನ. ಅತ್ತಿಗೆ ನೋಡಿದ್ರೆ ಏನಂದ್ಕೋತಾರೆ?"

"ಇದ್ರಲ್ಲಿ ಅಂದ್ಕೊಳ್ಳೋದೇನಿದೆ? ವಿಜ್ಞಾನ ಕಣೇ ಇದು."

ವಿಜ್ಞಾನವನ್ನು ಅತ್ತಿಗೆ ಮುಂದಿನ ಸಲ ಬಂದಾಗಲೇ ನೋಡಿದರು. ಮೇಲಿನ ಸಾಲಿನ ಹಲ್ಲು ಅವತ್ತೇ ಕೂರಿಸಿಕೊಂಡು ಬಂದಿದ್ದರು, ಕೆಳಗಿನದಕ್ಕೆ ಅಳತೆ ಕೊಟ್ಟಾಗಿತ್ತು. ನಾನು ಕಾಫಿಗೆ ಹಾಲಿಟ್ಟೆ. ಕೋಣೆಯಿಂದ ಅತ್ತಿಗೆ ಅಕ್ಷರ ಕೂಡಿಸಿ ಓದುವುದು ಕೇಳಿಸಿತು.

"ಎ, ಕೆ, ಕೆ, ಎ. ಏನ್ಲಾ ಇದು? ಗ್ವಾಡೆ ತುಂಬಾ ಅದೇ ಬರ್ದವ್ನೆ."

ನಾನು ಗಡಿಬಿಡಿಯಲ್ಲಿ ಕಾಫಿ ಬೆರೆಸತೊಡಗಿದೆ. ಇವರಿಗೆ ಮಾತ್ರ ಬಹಳ ಸಂತೋಷವಾಯಿತು. ಇಷ್ಟು ದಿನದಲ್ಲಿ ಈ ಹಾಳೆಯ ಬಗ್ಗೆ ತಾವಾಗಿ ಆಸಕ್ತಿ ತೋರಿಸಿದ ಮೊದಲ ಮನುಷ್ಯಪ್ರಾಣಿ ಅಕ್ಕ! ಪೆನ್ಸಿಲ್ ಹಿಡಿದುಕೊಂಡು ಬಂದು ವಿವರಿಸತೊಡಗಿದರು. "ನೋಡಕ್ಕ, ಇದು ನಾನೊಬ್ನೇ ಓಡಿಸಿದ್ದು, ಗೆರೆ ಮೇಲಿದೆ. ಇಲ್ಲಿ ನೀನು ಕೂತೆ, ದಬಕ್ ಅಂತ ಬಿತ್ತು. ಇಲ್ಲಿ ನೀನು ಇಳಿದೆ, ಮತ್ತೆ ಎದ್ಕೊಳ್ತು. ಇಲ್ಲಿ ನೋಡು, ಎಲ್ಲಕ್ಕಿಂತ ಆಳವಾದ್ದು, ಅವತ್ತು ತೆಂಗಿನಕಾಯಿ ಮೂಟೆನೂ ಇತ್ತಲ್ಲ…"

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕಣ್ಣಿನಲ್ಲಿ, ಹುಬ್ಬಿನಲ್ಲಿ, ಕೊನೆಗೆ ಇಡೀ ಮುಖದಲ್ಲಿ ಸನ್ನೆ ಮಾಡಿದೆ. ಇವರು ಹಾಳೆಯ ತುದಿಯವರೆಗೂ ವಿವರಿಸಿಯೇ ನಿಲ್ಲಿಸಿದ್ದು.

ಅತ್ತಿಗೆ ಹಾಳೆಯಿಂದ ತಮ್ಮನ ಕಡೆ ತಿರುಗಿದರು. ಆ ದೊಡ್ಡ ದನಿ ಆವತ್ತು ಸಣ್ಣದಾಗಿ ಬಂತು. "ಲೋ ತಮ್ಮ, ನೀನು ಉಟ್ದಾಗ ಅವ್ವ ಆಸಿಗೆ ಇಡ್ದಿದ್ಲು. ನಿನಗೆ ಮೈ ಬೆಚ್ಚಗಾದಾಗ್ಲೆಲ್ಲ ಈ ಸ್ವಂಟದ ಮ್ಯಾಲೆ ಇಟ್ಕಂಡು ದುದ್ದದ ಆಸ್ಪತ್ರೆಗಂಟ ನಡ್ಕಂಡ್ ಓಗ್ತಿದ್ನಲ್ಲ, ಆವಾಗ ನಾನೇನಾರ ಮೈಲೇಜ್ ಬರ್ಕಂಡಿದ್ನೇನ್ಲಾ?"

ಕಾಫಿ ಮುಟ್ಟಲಿಲ್ಲ. ಖಾಲಿ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಇವರು ಸ್ಕೂಟರ್ ಹೊರಗೆ ತಳ್ಳಿ, ಒದ್ದು, ಹಿಂದೆ ಓಡಿದರು. ನಮ್ಮ ಬೀದಿಯವರೆಲ್ಲ ಆ ಮೆರವಣಿಗೆ ನೋಡಿದರು. ಮುಂದೆ ಅತ್ತಿಗೆ ಬಿರಬಿರನೆ ನಡೆಯುತ್ತಿದ್ದಾರೆ, ಪಕ್ಕದಲ್ಲೇ ಇವರು ಫಸ್ಟ್ ಗೇರಿನಲ್ಲಿ ಗುರ್ ಗುರ್ ಎಂದು ಹೊಗೆ ಬಿಡುತ್ತಾ, "ಅಕ್ಕ, ಹತ್ತಕ್ಕ. ಅಂಗಲ್ಲ ಕಣಕ್ಕ" ಎಂದು ಬೇಡುತ್ತಿದ್ದಾರೆ. "ಓಗ್ಲಾ ಅತ್ತ. ಪೆಟ್ರೋಲ್ ಕರ್ಗೀತು" ಎಂದು ಅತ್ತಿಗೆ ತಿರುಗಿಯೂ ನೋಡದೆ ಬಸ್ ಸ್ಟ್ಯಾಂಡಿನವರೆಗೂ ನಡೆದರು.

ಆಮೇಲೆ ಅವರು ಬರಲಿಲ್ಲ. ಇವರು ಫೋನ್ ಮಾಡಿದರೆ ಅತ್ತಿಗೆಯ ಗಂಡ ಎತ್ತುತ್ತಿದ್ದರು. ಅವರು ಇವರಿಗೆ ಭಾವ, ನನಗೆ ಅಣ್ಣಯ್ಯ. ಬಹಳ ಮೆತ್ತನೆಯ ಮನುಷ್ಯ. "ಕೊಟ್ಗೇಲವ್ಳೆ ಕಣಪ್ಪ" ಎನ್ನುವರು. ಹಿಂದಿನಿಂದ ಅತ್ತಿಗೆಯ ದನಿ, "ಇಲ್ಲ ಅನ್ನಿ! ಲಾರಿ ಮಾಡ್ಕಂಡ್ ಬತ್ತಾಳೆ ಅನ್ನಿ!" ಎಂದು ಸ್ಪಷ್ಟವಾಗಿ ಕೇಳುತ್ತಿತ್ತು.

ಇವರು ಗ್ರಾಫನ್ನು ಹರಿದು ಒಲೆಗೆ ಹಾಕಿದರು. ಕಂಪ್ಯೂಟರಿಗೆ ಮುಸುಕು ಹೊದಿಸಿದವರು ತೆಗೆಯಲೇ ಇಲ್ಲ. ಸ್ಕೂಟರಿನ ಮೀಟರು ನೋಡುವುದನ್ನೂ ಬಿಟ್ಟರು. ರಾತ್ರಿ ಊಟಕ್ಕೆ ಕೂತರೆ, "ಅಕ್ಕ ಹೇಗೆ ಅಗೀತಾಳೋ" ಎನ್ನುವರು. "ಮುದ್ದೆ ನುಂಗೋದು ತಾನೇ, ಅಗಿಯೋದೆಲ್ಲಿ ಬಂತು" ಎಂದು ನಾನು ಸಮಾಧಾನ ಹೇಳುವೆ. "ಕೋಳಿ?" ಎನ್ನುವರು. ನಾನು ಇವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡುವೆ. ಅಷ್ಟರಲ್ಲಿ ಹಲ್ಲಿನ ಡಾಕ್ಟರಿಂದ ಫೋನು ಬಂತು. ಕೆಳಗಿನ ಸಾಲು ಸಿದ್ಧವಾಗಿ ಎಷ್ಟೋ ದಿನವಾಯಿತು, ರೋಗಿ ಎಲ್ಲಿ? ಇವರು ಹೋಗಿ, ಸರಿಯಾಗಿ ಕೂರದಿದ್ದರೆ ಕರೆದುಕೊಂಡು ಬರುತ್ತೇನೆಂದು ಮಾತು ಕೊಟ್ಟು, ಅದನ್ನೊಂದು ಪುಟ್ಟ ಡಬ್ಬಿಯಲ್ಲಿ ಮನೆಗೆ ತಂದರು. ಡಬ್ಬಿ ದೇವರ ಗೂಡಿನ ಪಕ್ಕದಲ್ಲೇ ಕೂತಿತು. ದಿನಾ ಬೆಳಿಗ್ಗೆ ನಾನು ದೀಪ ಹಚ್ಚುವಾಗ ಅತ್ತಿಗೆಯ ನಗುವಿನ ಅರ್ಧಭಾಗ ಅಲ್ಲಿರುತ್ತಿತ್ತು.

ಗೌರಿ ಹಬ್ಬ ಹತ್ತಿರ ಬಂತು. ಹಬ್ಬಕ್ಕೆ ಮೊದಲು ಹೆಣ್ಣುಮಗಳಿಗೆ ತವರಿಂದ ಸೀರೆ, ಬಳೆ, ಅರಿಶಿನ ಕುಂಕುಮ ಮುಟ್ಟಬೇಕು. ಪ್ರತಿ ವರ್ಷ ಇವರೇ ಹೋಗಿ ಕೊಟ್ಟು ಬರುತ್ತಿದ್ದರು. "ಈ ಸಲ ನೀನೂ ಬಾ" ಎಂದರು. ಅಕ್ಕ ಬಾಗಿಲು ಹಾಕಿಕೊಂಡರೆ ಮುಂದೆ ತಳ್ಳಲು ಒಬ್ಬರು ಬೇಕಲ್ಲ! ಸೀರೆ, ಬಳೆ, ಹಣ್ಣುಕಾಯಿ, ಅದರ ನಡುವೆ ಹಲ್ಲಿನ ಡಬ್ಬಿ, ಎಲ್ಲವನ್ನೂ ಬುಟ್ಟಿಗೆ ತುಂಬಿ ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ ಕೂತೆ. ತವರಿನ ಬಾಗಿನದಲ್ಲಿ ಹಲ್ಲು ಹೋದದ್ದು ಹಾಸನ ಜಿಲ್ಲೆಯಲ್ಲಿ ಅದೇ ಮೊದಲಿರಬೇಕು. ಇವರು ಆವತ್ತು ನನ್ನನ್ನು ಅಲ್ಲಾಡಬೇಡ ಎನ್ನಲಿಲ್ಲ. ಇಳಿಜಾರಿನಲ್ಲಿ ಎಂಜಿನ್ ಆರಿಸಲಿಲ್ಲ. ಸೆರಗು ಹಾರಿದರೂ ಸುಮ್ಮನಿದ್ದರು. ನನಗೆ ಯಾರೋ ಬೇರೆಯವರ ಸ್ಕೂಟರಿನಲ್ಲಿ ಹೋಗುತ್ತಿದ್ದೇನೇನೋ ಎಂಬಷ್ಟು ಸಂಕೋಚವಾಯಿತು.

ಅರಕಲಗೂಡು ಇನ್ನೇನು ಬಂತು ಎನ್ನುವಾಗ ಸ್ಕೂಟರು ಕೆಮ್ಮಿತು, ಮುಗ್ಗರಿಸಿತು, ನಿಂತಿತು. ಇವರು ಬಗ್ಗಿ ಕೈ ಹಾಕಿದರು. ಪೆಟ್ರೋಲ್ ಬಿಡುವ ನಲ್ಲಿಯ ಕಿವಿ ಯಾವತ್ತೋ ರಿಸರ್ವಿಗೆ ತಿರುಗಿಸಿದ್ದು ಹಾಗೇ ಇತ್ತು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ತಳ ಹೊಳೆಯುತ್ತಿತ್ತು. ತಿಂಗಳುಗಟ್ಟಲೆ ಹನಿ ಹನಿಯ ಲೆಕ್ಕ ಇಟ್ಟ ಮನುಷ್ಯ, ಲೆಕ್ಕ ಬಿಟ್ಟ ಕೆಲವೇ ವಾರದಲ್ಲಿ ನಡುರಸ್ತೆಯಲ್ಲಿ ಪೆಟ್ರೋಲ್ ಮುಗಿಸಿಕೊಂಡು ನಿಂತಿದ್ದರು. ನನಗೆ ನಗಬೇಕೋ ಬೇಡವೋ ತಿಳಿಯದೆ, ಬುಟ್ಟಿ ಹಿಡಿದುಕೊಂಡು ಮೋರಿಯ ಕಟ್ಟೆಯ ಮೇಲೆ ಕೂತೆ.

ಆಗ ದೂರದಿಂದ ಒಂದು ಮೊಪೆಡ್ ಬಂತು. ಬಂತು ಎಂದರೆ ರಸ್ತೆಯ ಈ ಅಂಚು ಮುಟ್ಟಿ, ಆ ಅಂಚು ಮುಟ್ಟಿ, ಹಾವು ಹರಿದ ಹಾಗೆ ಬಂತು. ಮೇಲೆ ಒಬ್ಬರು ಹೆಂಗಸು, ತಲೆಗೆ ಟವಲು ಬಿಗಿದಿದ್ದಾರೆ, ಎರಡೂ ಕಾಲು ಗಾಳಿಯಲ್ಲಿ ಅಗಲವಾಗಿ ಚಾಚಿವೆ. "ಪಕ್ಕಕ್ಕೋಗ್ರೋ! ಪಕ್ಕಕ್ಕೋಗ್ರೀ!" ಎಂಬ ದನಿ ಕೇಳಿದ ಮೇಲೆಯೇ ನಮಗೆ ಗುರುತು ಸಿಕ್ಕಿದ್ದು.

"ಅಕ್ಕ!" ಎಂದು ಇವರು ಎರಡು ಕೈ ಎತ್ತಿದರು.

ಅತ್ತಿಗೆಯೂ ನಮ್ಮನ್ನು ನೋಡಿದರು. ಅವರ ಮುಖದಲ್ಲಿ ಆಶ್ಚರ್ಯ, ಕೋಪ, ಸಂತೋಷ ಎಲ್ಲ ಒಟ್ಟಿಗೆ ಹಾದುಹೋದವು. ಅವರೂ ಹಾಗೇ ಹಾದುಹೋದರು. ಹಿಂದಿನಿಂದ ಅಣ್ಣಯ್ಯ ಸೈಕಲ್ ತುಳಿಯುತ್ತಾ, ಏದುಸಿರು ಬಿಡುತ್ತಾ ಬಂದು ನಮ್ಮ ಪಕ್ಕ ಕಾಲೂರಿದರು.

"ನಿಲ್ಸಾದು ಇನ್ನೂ ಯೋಳ್ಕೊಟ್ಟಿಲ್ಲ ಕಣವ್ವ. ನಾಳಿಕ್ಕೆ ಯೋಳ್ಕೊಡಾನ ಅಂತಿದ್ದೆ" ಎಂದರು.

"ಮತ್ತೆ ಹೇಗಣ್ಣಯ್ಯ ನಿಲ್ತಾರೆ?"

"ಮುಂದೆ ಏರು ಐತೆ. ಅಲ್ಲಿ ಅದೇ ನಿಂತ್ಕತದೆ."

ಅವರ ಮಾತಿನ ಪ್ರಕಾರ, ತಮ್ಮನ ಸ್ಕೂಟರು ಹತ್ತುವುದಿಲ್ಲ ಎಂದು ಶಪಥ ಮಾಡಿದ ಅತ್ತಿಗೆ, ಮನೆಯಲ್ಲಿ ಹಾಲಿನ ಕ್ಯಾನು ಸಾಗಿಸಲು ಇಟ್ಟುಕೊಂಡಿದ್ದ ಮೊಪೆಡ್ಡನ್ನು ಕಣದಲ್ಲಿ ಕಲಿತು, ಎರಡು ಸಲ ಶುಂಠಿ ಪಾತಿಗೆ ಬಿದ್ದು, ಈಗ ರಸ್ತೆಗೆ ಬಡ್ತಿ ಪಡೆದಿದ್ದರು. ಆಗ ಅವರಿಗೆ ಐವತ್ತು ದಾಟಿತ್ತು.

ಏರಿನಲ್ಲಿ ನಿಂತ ಮೊಪೆಡ್ಡನ್ನು ತಿರುಗಿಸಿಕೊಂಡು ಅತ್ತಿಗೆ ವಾಪಸು ಬಂದರು. ಈ ಸಲ ಎರಡೂ ಕಾಲು ನೆಲಕ್ಕೊತ್ತಿ, ಚಪ್ಪಲಿ ಸವೆಸಿಕೊಂಡು, ಮೋರಿಯ ಕಟ್ಟೆಗೆ ಒರಗಿಸಿ ನಿಲ್ಲಿಸಿದರು. ಅಕ್ಕ ತಮ್ಮ ಮುಖಾಮುಖಿ ನಿಂತರು. ದಾರಿಯುದ್ದಕ್ಕೂ ಇವರು ಏನೇನೋ ಹೇಳಬೇಕೆಂದು ಜೋಡಿಸಿಕೊಂಡಿದ್ದರು, ಬಾಯಿಂದ ಬಂದದ್ದು ಮಾತ್ರ, "ಅಕ್ಕ, ಕೆಳಗಿನ ಹಲ್ಲು ತಂದಿದ್ದೀನಿ."

ನಾನು ಡಬ್ಬಿ ತೆಗೆದುಕೊಟ್ಟೆ. ಅತ್ತಿಗೆ ಅದನ್ನು ತೆರೆದು ನೋಡಿದರು. ಮೋರಿಯ ಮರೆಗೆ ಹೋಗಿ, ನನ್ನ ನೀರಿನ ಬಾಟಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದು, ನಿಂತಿದ್ದ ಸ್ಕೂಟರಿನ ಕನ್ನಡಿಗೆ ಬಗ್ಗಿ ಹಲ್ಲು ಕೂರಿಸಿಕೊಂಡರು. ಆಚೆ ಈಚೆ ದವಡೆ ಆಡಿಸಿದರು. ಬಾಗಿನದ ಬುಟ್ಟಿಯಿಂದ ಒಂದು ಸೀಬೆಹಣ್ಣು ತೆಗೆದು ಕಟಕ್ಕನೆ ಕಚ್ಚಿದರು.

"ಸರ್ಯಾಗ್ ಕೂತದೆ ಕಣ್ಲಾ" ಎಂದರು ಅತ್ತಿಗೆ, ಬಾಯಿ ತುಂಬಾ ಹಣ್ಣು ತುಂಬಿಕೊಂಡು.

ಇವರು ಆ ಕಡೆ ತಿರುಗಿ ಸ್ಕೂಟರಿನ ಸೀಟನ್ನು ಕರವಸ್ತ್ರದಲ್ಲಿ ಒರೆಸತೊಡಗಿದರು. ಒರೆಸಿದ ಜಾಗವನ್ನೇ ಒರೆಸಿದರು. ಅತ್ತಿಗೆ ಹತ್ತಿರ ಹೋಗಿ ಬೆನ್ನ ಮೇಲೊಂದು ಗುದ್ದಿದರು. "ಅಳಾಕೆ ಏನಾಗೈತ್ಲಾ? ಪೆಟ್ರೋಲ್ ಆಗೋಯ್ತಾ? ಗಾಡಿ ಅತ್ತು, ಬಂಕ್ಗೆ ನಾನ್ ಕರ್ಕಂಡೋಯ್ತೀನಿ."

"ನೀನಾ? ಭಾವ ಬರಲಿ, ಬ್ಯಾಡಕ್ಕ…"

"ಅತ್ಲಾ ಅಂದ್ರೆ!"

ಇವರು ಹತ್ತಿದರು. ಮೊಪೆಡ್ಡಿನ ಹಿಂದಿನ ಕಬ್ಬಿಣದ ಕ್ಯಾರಿಯರಿನ ಮೇಲೆ, ಒಂದು ಕೈಯಲ್ಲಿ ನನ್ನ ಖಾಲಿಯಾದ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಅಕ್ಕನ ಸೆರಗಿನ ತುದಿ. ಅಣ್ಣಯ್ಯ ಓಡಿ ತಳ್ಳಿದರು. ಮೊಪೆಡ್ ರಸ್ತೆಯ ಈ ಅಂಚು ಮುಟ್ಟಿತು, ಆ ಅಂಚು ಮುಟ್ಟಿತು. ಇವರು ಕಣ್ಣು ಮುಚ್ಚಿಕೊಂಡು ಎಡಕ್ಕೂ ಬಲಕ್ಕೂ ವಾಲುತ್ತಿದ್ದರು. ತಿರುವು ದಾಟುವ ಮೊದಲು ಅತ್ತಿಗೆಯ ದನಿ ಹೊಲಗಳ ಮೇಲೆ ತೇಲಿ ಬಂತು:

"ಅಲ್ಲಾಡ್ಬ್ಯಾಡ ಕಣ್ಲಾ! ಮೈಲೇಜ್ ಬೀಳ್ತದೆ!"

ಅಣ್ಣಯ್ಯನೂ ನಾನೂ ಮೋರಿಯ ಕಟ್ಟೆಯ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗು ನಿಂತ ಮೇಲೆ ಇಬ್ಬರಿಗೂ ಒಟ್ಟಿಗೆ ಹೊಳೆಯಿತು, ಬಂಕಿನ ಹತ್ತಿರ ಏರಿಲ್ಲ. ಪುಣ್ಯಕ್ಕೆ ಅವರು ಬಂಕಿನವರ ಮರಳಿನ ಬಕೆಟ್ಟುಗಳಿಗೆ ಗುದ್ದಿ ನಿಂತರಂತೆ. ಇಬ್ಬರಿಗೂ ಏನೂ ಆಗಲಿಲ್ಲ, ಬಕೆಟ್ಟು ಮಾತ್ರ ಸೊಟ್ಟಗಾಯಿತು.

ದಸರೆಯ ಹೊತ್ತಿಗೆ ಅತ್ತಿಗೆ ಬ್ರೇಕು ಕಲಿತು, ಅಣ್ಣಯ್ಯನನ್ನು ಹಿಂದೆ ಕೂರಿಸಿಕೊಂಡು, ತೆಂಗಿನಕಾಯಿ ಚೀಲವನ್ನು ಮುಂದಿಟ್ಟುಕೊಂಡು ಹಾಸನಕ್ಕೇ ಬಂದರು. ಕಾಫಿ ಕುಡಿದು, ನೇರ ಕೋಣೆಗೆ ಹೋಗಿ, ನನ್ನ ಸೀರೆಯಂಚಿನ ಮುಸುಕನ್ನು ತಾವೇ ಎಳೆದು, "ಆಕ್ಲಾ ಇದ್ನ, ನಂದೂ ಬರಿ" ಎಂದರು. ಇವರು ಬೇಡವೇ ಬೇಡ ಎಂದು ಕೈಮುಗಿದರು. ಬಿಡಬೇಕಲ್ಲ! ಮೊಪೆಡ್ಡು ಹಗುರ, ಅದು ಸ್ಕೂಟರಿಗಿಂತ ಹೆಚ್ಚು ಕೊಡುವುದು ಸಹಜ. ಹಾಗೆಂದು ಅಕ್ಕನಿಗೆ ಹೇಳುವ ಧೈರ್ಯ ಇವರಿಗೆ ಉಳಿದಿರಲಿಲ್ಲ. ಅದೆಲ್ಲ ಓಡಿಸುವ ಕೈಯಲ್ಲಿದೆ ಎಂದು ಅತ್ತಿಗೆ ಅರಕಲಗೂಡಿನಲ್ಲೆಲ್ಲ ಹೇಳಿಕೊಂಡು ಬಂದರು. ಆಮೇಲೆ ಎಷ್ಟೋ ವರ್ಷ ಪೆಟ್ರೋಲ್ ಹಾಕಿಸಿದಾಗಲೆಲ್ಲ ಫೋನ್ ಮಾಡಿ ಅಂಕಿ ಹೇಳುತ್ತಿದ್ದರು, ಇವರು ಬರೆಯುತ್ತಿದ್ದರು. ಆ ಹಾಳೆಯಲ್ಲಿ ಹಿಂದೆ ಕೂತವರು ಎಂಬ ಕಾಲಂ ಮಾತ್ರ ಇರಲಿಲ್ಲ.

ಸ್ಕೂಟರು, ಮೊಪೆಡ್ಡು, ಕಂಪ್ಯೂಟರು ಮೂರೂ ಗುಜರಿ ಸೇರಿ ಕಾಲವಾಯಿತು. ನಾವೂ ಮುದುಕರಾದೆವು. ಈ ನಡುವೆ ಮಂಡಿನೋವು, ಬಿಪಿ ಎಂದು ನೆಪ ಹೇಳಿಕೊಂಡು ಅರಕಲಗೂಡಿಗೆ ಹೋಗದೆ ವರ್ಷದ ಮೇಲಾಗಿತ್ತು. ಆಟೋದಲ್ಲಿ ನಕ್ಕು ಮನೆಗೆ ಬಂದ ಮೇಲೆ ತಡೆಯಲಾರದೆ ಅತ್ತಿಗೆಗೆ ಫೋನ್ ಮಾಡಿದೆ. ಇದನ್ನೆಲ್ಲ ಬರೆಯಬೇಕು ಎಂದುಕೊಂಡಿದ್ದೇನೆ, ಬೇಜಾರಿಲ್ಲ ತಾನೇ ಎಂದು ಕೇಳಿದೆ.

"ಬರ್ಕ ಅಮ್ಮಣ್ಣಿ. ನನ್ನ ತೂಕ ಒಂದು ಬರೀಬ್ಯಾಡ" ಎಂದರು. ಬರೆದಿಲ್ಲ, ನೀವೇ ಸಾಕ್ಷಿ.

ಆಮೇಲೆ, "ಬರೀ ಪೋನಲ್ಲೇ ಎಷ್ಟ್ ದಿನ ಮಾತಾಡೀರಿ? ಬನ್ನಿ ಒಂದ್ಸಲ" ಎಂದರು. ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇವೆ. ಪಕ್ಕದ ಕೋಣೆಯಲ್ಲಿ ಇವರು ಆಗಲೇ ಶರ್ಟಿಗೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದಾರೆ. ನಾನೂ ಏಳಬೇಕು, ಅಂಗಡಿ ಮುಚ್ಚುವುದರೊಳಗೆ ಬಳೆ ತರಬೇಕು. ಹಳೆಯ ಬಳೆಗಳು ಈಗ ತಮ್ಮ ಕೈಯಲ್ಲಿ ನಿಲ್ಲುವುದಿಲ್ಲ, ಜಾರಿ ಬೀಳುತ್ತವೆ ಎಂದು ಅತ್ತಿಗೆ ಮಾತಿನ ನಡುವೆ ಯಾಕೋ ಹೇಳಿದರು. ಈಗಿನ ಅಳತೆ ಏನೆಂದು ಕೇಳಲು ನನಗೆ ಮನಸ್ಸು ಬರಲಿಲ್ಲ. ಹಳೆಯ ಅಳತೆಯದೂ ಒಂದು ಡಜನ್, ಅದಕ್ಕಿಂತ ಸಣ್ಣದೂ ಒಂದು ಡಜನ್ ತರುತ್ತೇನೆ.